ಯಾರ ಎಂಜಲು ಸಾಕ್ಷಿ

ಫೆಬ್ರವರಿ 3, ಕೊಳವಳ್ಳಿ
ಅಂಗಳದಲ್ಲಿ ಮೆಣಸು. ಕೋಳಿ ಓಡಿಸುವ ಮಹಾಹುದ್ದೆ ನನ್ನದು. ಸರಿತ ಮತ್ತೆ ಬಂದಳು, ಎರಡು ವರ್ಷದ ಗಂಡು ಮಗು ಸೊಂಟದ ಮೇಲೆ. ತಮ್ಮ ಸುಧೀಷ್ ಎಚ್.ಡಿ. ಕೋಟೆಗೆ ಶುಂಠಿ ಬೆಳೆಯಲು ಹೋದವನು, ಬೈಕಿನಿಂದ ಬಿದ್ದು ಸತ್ತ. ಮಗು ಅವನದಂತೆ. ಮದುವೆ ಕಂಡವರಿಲ್ಲ. ಅಪ್ಪ ತಮ್ಮನ ಪಾಲಿನ ಗದ್ದೆ ಮಗುವಿಗೆ ಬರೆಯಲು ತಯಾರು. ನಾನು ನ್ಯಾಯಾಧೀಶನ ಗತ್ತಿನಲ್ಲಿ ಅಂದೆ — ಮೊದಲು ಡಿ.ಎನ್.ಎ., ಆಮೇಲೆ ಗದ್ದೆ.
“ಮಾಡ್ಸಿ ಏಟ್ಟಾ. ನಂಗೇನು ಹೆದ್ರಿಕೆ?” ಅಂದಳು ಸರಿತ, ಆಗಲೇ ನನ್ನನ್ನು ಅಣ್ಣನೆಂದು ಕರೆದು.

ಫೆಬ್ರವರಿ 6
ಮಾನಂದವಾಡಿ ಲ್ಯಾಬು. ಕೆನ್ನೆಯೊಳಗೆ ಹತ್ತಿಯ ಕಡ್ಡಿ ಉಜ್ಜುತ್ತಾರೆ, ಅಷ್ಟೇ. ಮಗು ಕಡ್ಡಿಯನ್ನೇ ಕಚ್ಚಿತು. ಸತ್ತವನ ಬದಲು ಅವನ ಅಪ್ಪ ಕೊಡಬೇಕು. ಅಪ್ಪ ಬಾಯಿ ತೆರೆದ — ಕೆಂಪು ಸಮುದ್ರ. ಎಲೆಯಡಿಕೆ ಇಲ್ಲದೆ ನಿದ್ದೆಯನ್ನೂ ಮಾಡದ ಮನುಷ್ಯ. ಲ್ಯಾಬಿನ ಹುಡುಗಿ ಹಿಂದೆ ಸರಿದಳು.
“ಐದಾರು ದಿನ ಎಲೆ ಮುಟ್ಟದೆ ಬನ್ನಿ. ಇಲ್ಲಾಂದ್ರೆ ಸತ್ತವರ ಅಣ್ಣ ಕೊಟ್ರೂ ನೋಡ್ಬಹುದು. ಒಂದೇ ಅಪ್ಪನ ಗಂಡುಮಕ್ಕಳಲ್ಲಿ ಗುರುತು ಒಂದೇ.”
ತ್ಯಾಗಮೂರ್ತಿಯಂತೆ ಬಾಯಿ ತೆರೆದೆ. ಅವ್ವ ತೋಳು ಹಿಡಿದಳು. ಉಗುರು ಊರಿತು.
“ನಿನ್ದು ಬೇಡ ಮೋನೇ. ಅಪ್ಪಂದೇ ಆಗ್ಲಿ.”

ಫೆಬ್ರವರಿ 7
ಮನೆಯಲ್ಲಿ ತುರ್ತು ಪರಿಸ್ಥಿತಿ. ಎಲೆ, ಅಡಿಕೆ, ಸುಣ್ಣ, ಕುಟ್ಟುವ ಕಲ್ಲು — ಎಲ್ಲ ಮಾಯ. ಬಚ್ಚಿಟ್ಟವಳು ಅವ್ವ. ಮದುವೆಯಾದಂದಿನಿಂದ ಅಪ್ಪನಿಗೆ ಕುಟ್ಟಿ ಕೊಟ್ಟವಳು!
“ನಾರಾಯಣೀ... ಒಂದೇ ಚೂರು...” ಅವ್ವನ ಕಡೆ ಕೈ ಚಾಚಿದ ಅಪ್ಪ.
“ಇಲ್ಲ.”
ನನಗೆ ನಗು. “ಪಾಪ, ಅಪ್ಪನ್ನ ಬಿಡವ್ವ. ನಾನೇ ಕೊಟ್ಟು ಬರ್ತೀನಿ.”
ಅವ್ವ ನಗಲಿಲ್ಲ. ಬಾಗಿಲಿಗೆ ಅಡ್ಡ ನಿಂತಳು. “ನೀ ಕೊಟ್ರೆ ಆ ಕೂಸಿಗೆ ಅನ್ಯಾಯ ಆಗ್ತದೆ.”
ಅಂದವಳೇ ಒಳಗೆ ಹೋದಳು.

ಫೆಬ್ರವರಿ 11
ಮೂರು ದಿನ ಬರೆಯಲಾಗಲಿಲ್ಲ. ಮೆಣಸನ್ನು ಕೋಳಿಗಳು ಕೆದರಿ ಹಾಕಿವೆ. ಹಾಕಲಿ.
ಸುಧೀಷ್ ಅಪ್ಪನ ಮಗ. ನನ್ನ ಎಂಜಲು ಮಗುವಿಗೆ ಹೊಂದದು. ಅಂದರೆ ನಾನು ಅಪ್ಪನ... ಕನ್ನಡಿಯಲ್ಲಿ ಮೂಗು ನೋಡಿಕೊಂಡೆ. ಇಷ್ಟು ವರ್ಷ ಅಪ್ಪನದೆಂದು ಮೆರೆಸಿದ ಮೂಗು! ಟೆಸ್ಟು ಕೇಳಿದ ಮಹಾನುಭಾವನೂ ನಾನೇ.
ಅಪ್ಪನಿಗೆ ಗೊತ್ತಾದರೆ ಅವ್ವನ ಗತಿ?

ಫೆಬ್ರವರಿ 12
ಲ್ಯಾಬಿಗೆ ಹೋಗಲು ಜೀಪು ಬಂತು, ಸರಿತಳೂ ಮಗುವೂ ಬಂದರು. ಅಪ್ಪನ ಬಾಯಿ ಸ್ವಚ್ಛ. ನನ್ನಿಂದ ತಡೆಯಲಾಗಲಿಲ್ಲ.
“ಟೆಸ್ಟು ಬೇಡಪ್ಪಾ. ಗದ್ದೆ ಬರ್ದುಬಿಡು.”
ಅಪ್ಪ ನನ್ನನ್ನು ನೋಡಿದ. ಅವ್ವನನ್ನು ನೋಡಿದ. ಸರಿತಳ ಕೈಯಿಂದ ಮಗುವನ್ನು ತೆಗೆದು ತೊಡೆಯ ಮೇಲೆ ಕೂರಿಸಿಕೊಂಡ.
“ಟೆಸ್ಟು ನಾನೆಲ್ಲಿ ಕೇಳಿದ್ನೋ? ಇವಂಗೂ ಕೇಳ್ಲಿಲ್ಲ. ನೀ ಹುಟ್ಟಿದಾಗ್ಲೂ ಕೇಳ್ಲಿಲ್ಲ.”
ಅವ್ವ ಕಂಬ ಹಿಡಿದಳು.
ಅಂದರೆ ಅಪ್ಪನಿಗೆ ಮೊದಲಿನಿಂದಲೂ—