ಎಣ್ಣೆ ತಿನ್ನುವವರು

ಮಣಿಪಾಲ, ಮೇ 1984

ಅಪ್ಪಾ,

ನೀವು ತೀರಿಕೊಂಡು ವರ್ಷವಾಯಿತು. ಆದರೂ ಇದನ್ನು ನಿಮಗೇ ಹೇಳಬೇಕು. ಕಾಪುವಿನಲ್ಲಿ ನಿಮ್ಮ ಬಲೆಗೆ ಅಂಟುತ್ತಿದ್ದ ಹಡಗಿನ ಎಣ್ಣೆಯನ್ನು ತಿನ್ನುವವರು ಸಿಕ್ಕಿದರು! ಆ ದಡದ ಮರಳನ್ನು ಲ್ಯಾಬಿನಲ್ಲಿ ಎಣ್ಣೆ ಬೆರೆತ ಸಮುದ್ರದ ನೀರಿಗೆ ಹಾಕಿಟ್ಟಿದ್ದೆ. ಮೂರು ವಾರದಲ್ಲಿ ಎಣ್ಣೆಯ ಪದರ ಹರಿದು ಚೂರಾಗಿದೆ. ಕುದಿಸಿದ ಮರಳು ಹಾಕಿದ ಬಾಟಲಿಯಲ್ಲಿ ಮಾತ್ರ ಹಾಗೆಯೇ ಇದೆ. ತಿಂದದ್ದು ಮರಳಿನಲ್ಲಿದ್ದ, ಕುದಿಸಿದರೆ ಸಾಯುವ ಬ್ಯಾಕ್ಟೀರಿಯಾಗಳು; ಒಂದು ಜಾತಿ ಬಿಟ್ಟದ್ದನ್ನು ಇನ್ನೊಂದು ಮುಗಿಸುತ್ತದೆ.

ಬಸ್ಸು ಹಿಡಿದು ಊರಿಗೆ ಓಡಿ ಅಮ್ಮನಿಗೆ ಹೇಳಿದೆ.

“ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ತಿನ್ನುವುದಾ? ನಮ್ಮ ಮನೆಯ ಹಾಗೆಯೇ ಉಂಟಲ್ಲ ಮಾರಾಯ್ತಿ!” ಎಂದು ಅಮ್ಮ ನಕ್ಕದ್ದೇ ನಕ್ಕದ್ದು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನನ್ನ ಕೆಲಸ ಎಂತದ್ದೆಂದು ನೀವು ಕೇಳಿದಾಗ, “ನಿಮಗೆ ಅರ್ಥವಾಗುವುದಿಲ್ಲ” ಎಂದಿದ್ದೆ. ಅಮ್ಮನಿಗೆ ಹೇಳಲು ಎರಡು ನಿಮಿಷವೂ ಬೇಕಾಗಲಿಲ್ಲ.

ನಿಮ್ಮ ಗುಣವತಿ