ಪುಟ್ಟ ಕೈಯ ಗುರಿ

ಮಂಡಿ ಮೊಹಲ್ಲಾ, ಮೈಸೂರು
೧೨-೨-೧೯೬೩

ಮಹಿಳಾ ರಕ್ಷಣಾ ದಳದ ತರಬೇತುದಾರರಾದ ಮರಿಯಯ್ಯನವರಿಗೆ ನಮಸ್ಕಾರ.

ಕೈಗೆ ಪಳಗಿರದ ರಿವಾಲ್ವರ್‌ನಲ್ಲಿ ನಾನು ಹೊಡೆದ ಆರು ಗುಂಡೂ ಎಡಕ್ಕೆ ಹೋದಾಗ, "ಊದುಬತ್ತಿ ಹೊಸೆಯೋ ಪುಟ್ಟ ಕೈ ಕಣಮ್ಮ ಇದು, ಹೋಗಿ ಟೀ ಕಾಯ್ಸು" ಎಂದು ನಕ್ಕು, ಪಟ್ಟಿಯಿಂದ ನನ್ನ ಹೆಸರು ತೆಗೆದಿರಿ.

ತಪ್ಪು ಕೈಯದಲ್ಲ. ನಾನು ಟ್ರಿಗರನ್ನು ಮೆಲ್ಲಗೆ ಒತ್ತದೆ ಜಗ್ಗುತ್ತಿದ್ದೆ, ಅದಕ್ಕೇ ಗುಂಡು ಎಡಕ್ಕೆ ಹೋಗುತ್ತಿತ್ತು. ಆಮೇಲೆ ಹದಿನೈದು ದಿನ, ದಳದ ಆಯುಧಗಳನ್ನು ನೋಡಿಕೊಳ್ಳುವ ದಫೇದಾರ್ ದೇವಯ್ಯನವರ ಎದುರಿನಲ್ಲೇ, ಗುಂಡಿಲ್ಲದ ರಿವಾಲ್ವರ್‌ನ ನಳಿಗೆಯ ಮೇಲೆ ಊದುಬತ್ತಿಯೊಂದನ್ನು ಅಡ್ಡವಿಟ್ಟು, ಅದು ಬೀಳದ ಹಾಗೆ ಟ್ರಿಗರ್ ಒತ್ತುವುದನ್ನು ಕಲಿತೆ. ಒಂದೇ ಸಮ ಒತ್ತುವುದನ್ನು ಬತ್ತಿ ಹೊಸೆಯುವವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಿನ್ನೆ ಅವರ ಮುಂದೆಯೇ ಹೊಡೆದ ಗುರಿಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ. ನನ್ನ ಹೆಸರನ್ನು ಮತ್ತೆ ಸೇರಿಸಿ. ಟೀ ಕಾಯಿಸಲು ಬೇರೆಯವರನ್ನು ನೋಡಿಕೊಳ್ಳಿ. ಹಾಳೆಯಲ್ಲಿರುವ ಆರು ತೂತುಗಳನ್ನೂ ಮುಚ್ಚಲು ಈ ಪುಟ್ಟ ಕೈ ಒಂದೇ ಸಾಕು.

ಇತಿ,
ಕೆಂಚಮ್ಮ