ತೆಗೆದು ಹಾಕಿದ ರೀಲು

ಕೆ.ಆರ್. ಪುರಂ
11-11-1997, ಮಂಗಳವಾರ ಸಂಜೆ

ಭೀಮಾಶಂಕರ ಅವರಿಗೆ ನಾಗರತ್ನಾ ಮಾಡುವ ನಮಸ್ಕಾರ.

ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರುತ್ತವೆ, ಮನ್ನಿಸಿ. ನಾಲ್ಕನೇ ಇಯತ್ತೆಗೇ ನನ್ನನ್ನು ಶಾಲೆ ಬಿಡಿಸಿದರು, ನಿಮಗೆ ಗೊತ್ತಿರುವುದೇ. ಮದುವೆಯಾದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಹಲಸೂರಿನ ಒಂದೇ ಕೋಣೆಯಲ್ಲಿ ಇದ್ದವರಿಗೆ ಕಾಗದ ಯಾಕೆ ಬೇಕಿತ್ತು? ಈಗ ನಾನು ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೇನೆ, ಬೇಕಾಯಿತು. ಎದುರಿಗೆ ನಿಂತರೆ ನನಗೆ ಬಾಯಿ ಬರುವುದಿಲ್ಲ. ಮೊನ್ನೆ ಭಾನುವಾರ ಅದನ್ನು ನೀವೂ ನೋಡಿದಿರಿ, ಇಲ್ಲಿರುವ ನಮ್ಮ ಕಡೆಯ ಜನರೆಲ್ಲ ನೋಡಿದರು.

ನಮ್ಮ ಜನಕ್ಕೆಲ್ಲ ಹಿರಿಯರಾದ ಸಾಯಬಣ್ಣ ಮಾವನ ಮನೆಯ ಮುಂದೆ ಚಾಪೆ ಹಾಸಿ ಹಿರಿಯರು ಕೂತಿದ್ದರು. ಸುಭದ್ರಮ್ಮ ಚಿಕ್ಕಮ್ಮನ ಬೆನ್ನ ಹಿಂದೆ ನಾನು ಮಗಳು ಪ್ರಿಯದರ್ಶಿನಿಯನ್ನು ಎತ್ತಿಕೊಂಡು ನಿಂತಿದ್ದೆ. ನೀವು ಎದ್ದು ಹೇಳಿದ್ದು ಒಂದಕ್ಷರ ಮರೆತಿಲ್ಲ. “ನಮ್ಮ ಟಾಕೀಸಿನ್ಯಾಗ ಈಕಿ ಮ್ಯಾಲಿನ ಕ್ಯಾಬಿನ್ನಿಗಿ ಹೋಗಿ, ಕತ್ತಲ್ಯಾಗ ಆ ಅನೀಸ ಇದ್ದಲ್ಲೇ ನಿಂತು, ಫಾರಿನ್ ಹೊಲಸ್ ಪಿಚ್ಚರ್ ನೋಡ್ಯಾಳ. ನಾ ಕಣ್ಣಾರೆ ಕಂಡೀನಿ. ಇಂಥಾಕಿ ಕೂಡ ಹ್ಯಾಂಗ ಬಾಳ್ವೆ ಮಾಡ್ಲಿ?” ಎಂದಿರಿ.

ಸಾಯಬಣ್ಣ ಮಾವ ನನ್ನ ಕಡೆ ತಿರುಗಿ, “ಹೌದೇನವ್ವ ತಂಗಿ? ನೀ ನೋಡಿದ್ದು ಖರೇನ?” ಎಂದು ಕೇಳಿದರು. ನೋಡಿದ್ದು ನಿಜವೇ ಅಲ್ಲವೇ? ತಲೆ ಆಡಿಸಿಬಿಟ್ಟೆ. ಯಾರೋ “ಮುಗೀತಲ್ಲಪ, ಇನ್ನೇನ್ ಕೇಳೂದದ” ಎಂದರು. ಬರುವ ಭಾನುವಾರ ಸೋಡಚೀಟಿ ಬರೆದು ಮದುವೆ ಹರಿಯುವುದು, ತಪ್ಪು ನನ್ನದು ಎಂದು ಕಾಣಿಸುವುದು, ಪ್ರಿಯದರ್ಶಿನಿಯನ್ನು ಶಹಾಪುರಕ್ಕೆ ನಿಮ್ಮ ಅವ್ವನ ಹತ್ತಿರ ಕಳಿಸುವುದು. ಚಹಾ ಕುಡಿದು ಮುಗಿಸುವುದರೊಳಗೆ ಇಷ್ಟೂ ತೀರ್ಮಾನವಾಯಿತು.

ನೀವು ಆಡಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನನಗೆ ಉರಿಯುತ್ತಿರುವುದು ಅದೇ. ಸುಳ್ಳು ಹೇಳಿದ್ದರೆ ಚಿಕ್ಕಮ್ಮನಾದರೂ ಎದ್ದು ಜಗಳಕ್ಕೆ ನಿಲ್ಲುತ್ತಿದ್ದಳು.

ಆ ಗುರುವಾರವನ್ನು ನಾನು ಹೇಳುತ್ತೇನೆ, ಕೇಳಿ. ಶ್ರಾವಣದ ಮಳೆ ಹಿಡಿದಿತ್ತು. ಹೊಸ ಪಿಚ್ಚರಿನ ಪೆಟ್ಟಿಗೆಗಳು ಬಂದಿದ್ದವು, ಶುಕ್ರವಾರದ ಶೋಗೆ ಮುಂಚೆ ಖಾಲಿ ಹಾಲ್‌ನಲ್ಲಿ ಒಮ್ಮೆ ಓಡಿಸಿ ನೋಡುವುದಿತ್ತು. ನಾನು ಕೆಳಗೆ ಹಾಲ್ ಗುಡಿಸಿ ಮೆಟ್ಟಿಲ ಮೇಲೆ ಕೂತಿದ್ದೆ, ಮಗಳು ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ನೀವೇ ಮೇಲಿನಿಂದ ಬಗ್ಗಿ ಕರೆದಿರಿ. “ರತ್ನಾ, ಬಾ ಇಲ್ಲಿ, ಮಂಜು ಬೀಳೂದು ತೋರಸ್ತೀನಿ” ಎಂದಿರಿ. ಅಷ್ಟು ಮೆತ್ತಗೆ ನೀವು ಕರೆದದ್ದು ಅದೇ ಕೊನೆ, ಅದಕ್ಕೇ ನೆನಪಿದೆ. ಒಳಗೆ ಆಪರೇಟರ್ ಅನೀಸ್ ಭಾಯಿ ಇದ್ದರು. ನನ್ನನ್ನು ಬೇಟಿ ಎಂದು ಕರೆಯುವ, ಮೊಮ್ಮಗಳ ಮದುವೆಗೆ ಓಡಾಡುತ್ತಿರುವ ಮನುಷ್ಯ. ಅವರ ಹೆಂಡತಿ ಶಕೀಲಾ ಆಪಾ ಪುಲಿಕೇಶಿನಗರದಿಂದ ಊಟ ತಂದು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಎರಡನೇ ಮಿಷನ್ನಿನ ಹತ್ತಿರ ಅವರ ಅಸಿಸ್ಟೆಂಟಾಗಿ ನೀವಿದ್ದಿರಿ. ನಾನು ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಆಪಾನ ಪಕ್ಕ ನಿಂತು ಗೋಡೆಯ ಚೌಕ ಕಿಂಡಿಯಲ್ಲಿ ಪರದೆಯ ಕಡೆ ಇಣುಕಿದೆ.

ಅದು ಯಾವ ದೇಶವೋ ನನಗೆ ಗೊತ್ತಿಲ್ಲ. ದೋಣಿ ಕಟ್ಟುವ ಒಬ್ಬ ಗಂಡಸು, ಅವನ ಹೆಂಡತಿ. ಮದುವೆಯ ಹೊಸದರಲ್ಲಿ ಇಬ್ಬರೂ ಸೇರಿ ಒಂದು ದೋಣಿ ಕಟ್ಟುತ್ತಾರೆ. ಅವಳು ಬಾಯಿಯಲ್ಲಿ ಮೊಳೆ ಕಚ್ಚಿಕೊಂಡು ಒಂದೊಂದಾಗಿ ಅವನಿಗೆ ಕೊಡುತ್ತಾಳೆ. ಆಮೇಲೆ ಒಂದು ಬೆಳಿಗ್ಗೆ ಅವನು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, ನನಗೆ ಬೇರೆಯವಳು ಸಿಕ್ಕಿದ್ದಾಳೆ, ನೀನು ಹೋಗು ಎನ್ನುತ್ತಾನೆ. ಕೋರ್ಟಿನಲ್ಲಿ ವಕೀಲರು ಮಾತಾಡುತ್ತಾರೆ, ಅವಳು ಕೈಚೀಲ ಹಿಡಿದುಕೊಂಡು ಕೂತಿರುತ್ತಾಳೆ. ಮನೆಗೆ ಬಂದರೆ ಬಾಗಿಲಿಗೆ ಬೇರೆ ಬೀಗ. ಮಂಜಿನಲ್ಲಿ ನಿಂತು ಬಾಗಿಲು ಬಡಿಯುತ್ತಾಳೆ. ಅದಾದ ಮೇಲೇ ಅವಳು ಇನ್ನೊಬ್ಬನ ಮನೆ ಸೇರುವುದು, ಅಲ್ಲಿ ಸ್ನಾನ ಮಾಡುವುದು, ಕೊನೆಗೆ ಬಂದು ಆ ದೋಣಿಗೆ ಬೆಂಕಿ ಇಡುವುದು. ಸ್ನಾನ ಬಂದಾಗ ಆಪಾ ನನ್ನ ಕಣ್ಣು ಮುಚ್ಚಿ ತಾವು ನೋಡಿದರು, ಅನೀಸ್ ಭಾಯಿ ಮಿಷನ್ನು ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿದರು, ನಾವೆಲ್ಲ ನಕ್ಕೆವು. ನೀವೂ ನಕ್ಕಿರಿ.

ಆಮೇಲೆ ಮ್ಯಾನೇಜರ್ ರಾಮಾಂಜಿನಪ್ಪ ಹತ್ತಿ ಬಂದರು. “ಏನ್ ಗುರು ಇದು, ಬರೀ ಮಾತು! ಬ್ರೆಡ್ ತಿನ್ನೋದ್ ನೋಡಕ್ಕೆ ಮಾರ್ನಿಂಗ್ ಶೋಗೆ ಬರ್ತಾರಾ ಜನ? ತೆಗ್ದಾಕು. ಸ್ನಾನದ್ದು ಮಾತ್ರ ಮುಟ್ಬೇಡ” ಎಂದು ಹೇಳಿ ಇಳಿದು ಹೋದರು. ಅನೀಸ್ ಭಾಯಿ ಕತ್ತರಿ ಮುಟ್ಟಲಿಲ್ಲ, ನೀವು ಮುಟ್ಟಿದಿರಿ. ಬ್ರೆಡ್ಡು, ಕೋರ್ಟು, ಬೀಗ, ಮಂಜು, ಎಲ್ಲ ಒಂದು ಸುರುಳಿಯಾಗಿ ಬೆಂಚಿನ ಕೆಳಗೆ ಹೋಯಿತು. ಉಳಿದ ಎರಡು ತುದಿಯನ್ನು ನೀವು ಕೆರೆದು ಅಂಟಿಸಿದ್ದು ಎಷ್ಟು ನಾಜೂಕಾಗಿತ್ತೆಂದರೆ, ನನ್ನ ಗಂಡನ ಕೈಯಲ್ಲಿ ಎಂಥ ಕೆಲಸ ಇದೆ ಎಂದು ನನಗೆ ಆಗ ಹೆಮ್ಮೆಯಾಯಿತು. ಆಪಾ ಮಾತ್ರ ಸುಮ್ಮನಿರಲಿಲ್ಲ. “ಅರೆ ಭಾಯ್, ಇದು ತೆಗ್ದ್ರೆ ಆ ಹೆಣ್ಣಿಂದೇ ತಪ್ಪು ಅಂತ ಆಗ್ತದಲ್ಲ” ಎಂದರು. ನೀವು “ಇದೇನ್ ಕೋರ್ಟ್ ಏನ್ರೀ ಆಪಾ? ಯಾರು ಕೇಳ್ತಾರ?” ಎಂದಿರಿ.

ಶುಕ್ರವಾರ ಬೆಳಿಗ್ಗೆ ನಾನು ಪೊರಕೆ ಹಿಡಿದು ಪಕ್ಕದ ಬಾಗಿಲಲ್ಲಿ ಕಾಯುತ್ತಿದ್ದೆ. ದೋಣಿ ಕಟ್ಟಿದರು, ಮರುಕ್ಷಣವೇ ಅವಳು ಇನ್ನೊಬ್ಬನ ಮನೆಯ ನೀರಿನಲ್ಲಿ ಕೂತಿದ್ದಳು. ಇಡೀ ಹಾಲ್ ಸಿಳ್ಳೆ ಹೊಡೆಯಿತು. ದೋಣಿ ಉರಿದು ಗಂಡ ಅಳುವಾಗ ಅದೇ ಜನ ಮರುಗಿದರು. ಹೊರಗೆ ಬರುತ್ತ ಒಬ್ಬ “ಪಾಪ ಕಣ್ ಮಗಾ ಆ ಗಂಡ, ಇವ್ಳಿಗೇನ್ ಬಂದಿತ್ತು ದೊಡ್ ರೋಗ!” ಎಂದ. ಇನ್ನೊಬ್ಬ “ಇಂಥೋರ್ನ ಒದ್ದು ಓಡಿಸ್ಬೇಕು ಗುರು” ಎಂದ. ಅಯ್ಯೋ ನಿಲ್ಲಿ, ನಡುವೆ ಒಂದು ರೀಲು ಇಲ್ಲ, ಅವಳನ್ನು ಆಗಲೇ ಓಡಿಸಿ ಆಗಿದೆ ಎಂದು ಕೂಗಬೇಕೆನ್ನಿಸಿತು. ಅವರು ಬಿಸಾಕಿ ಹೋದ ಕಡಲೆಕಾಯಿ ಸಿಪ್ಪೆ ಗುಡಿಸಿದೆ. ಅಂದು ರಾತ್ರಿ ಊಟಕ್ಕೆ ಬಡಿಸುವಾಗ ನಿಮಗೆ ಹೇಳಿದೆ. ಹುಚ್ಚಿ, ಅದು ಪಿಚ್ಚರ್ ಎಂದು ನಕ್ಕಿರಿ.

ಮೊನ್ನೆ ಭಾನುವಾರ ಹಿರಿಯರ ಮುಂದೆ ನೀವು ಏನು ಮಾಡಿದಿರಿ? ಕರೆದವರು ನೀವೇ ಎಂಬುದನ್ನು ತೆಗೆದಿರಿ. ನೀವೂ ಅಲ್ಲೇ ಇದ್ದದ್ದನ್ನು ತೆಗೆದಿರಿ. ನನ್ನ ಹೆಗಲ ಮೇಲೆ ಮಲಗಿದ್ದ ನಿಮ್ಮದೇ ಮಗಳನ್ನು ತೆಗೆದಿರಿ. ಶಕೀಲಾ ಆಪಾನನ್ನು ತೆಗೆದಿರಿ. ಉಳಿದದ್ದು ಕತ್ತಲೆ, ಅನೀಸ್ ಭಾಯಿ, ನಾನು. ದಸರೆಯಿಂದ ನೀವು ಬಾಣಸವಾಡಿಯಲ್ಲಿ ಭಾಗ್ಯಲಕ್ಷ್ಮಿಯ ಮನೆಯಲ್ಲಿ ಇದ್ದೀರಿ ಎಂಬುದನ್ನಂತೂ ಎತ್ತಲೇ ಇಲ್ಲ. ಹೆಂಡತಿ ಹೀಗಿದ್ದರೆ ಗಂಡಸಿಗೆ ಮನೆಗೆ ಹೋಗಲು ಮನಸ್ಸು ಬರುತ್ತದೆಯೇ ಎಂದು ಹಿರಿಯರು ಮರುಗಿದರಲ್ಲ, ತಲೆ ತಗ್ಗಿಸಿ ಕೇಳಿಸಿಕೊಂಡಿರಿ. ನಾಚಿಕೆಯಾಗಲಿಲ್ಲವೇ? ನಿಮಗೆ ಅನ್ನ ಹಾಕಿ ಕೆಲಸ ಕಲಿಸಿದ ಮುದುಕರ ಹೆಸರನ್ನು ಇದರೊಳಗೆ ಎಳೆಯಲು ನಾಲಿಗೆ ಹೇಗೆ ಬಂತು?

ಆಪಾ ಕ್ಯಾಬಿನ್ನಿನಲ್ಲಿ ಇರಲೇ ಇಲ್ಲ ಎಂದು ಬರುವ ಭಾನುವಾರ ನೀವು ವಾದಿಸಬಹುದು. ಹಾಗಾದರೆ ಒಂದಕ್ಕೆ ಉತ್ತರ ಕೊಡಿ. ಪಿಚ್ಚರಿನ ಮಾತು ಯಾವ ಭಾಷೆಯೋ, ಕೆಳಗೆ ಬರುತ್ತಿದ್ದದ್ದು ಇಂಗ್ಲಿಷ್ ಅಕ್ಷರ. ನನಗೆ ಕನ್ನಡವೇ ಇಷ್ಟು. ಅನೀಸ್ ಭಾಯಿಗೆ ಉರ್ದು ಬಿಟ್ಟು ಬೇರೆ ಓದಲು ಬರುವುದಿಲ್ಲ, ನಿಮಗೂ ಇಂಗ್ಲಿಷ್ ಬರುವುದಿಲ್ಲ. ಕಾನ್ವೆಂಟಿನಲ್ಲಿ ಓದಿದ ಆಪಾ ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಹೇಳದಿದ್ದರೆ, ಅವನು ಬೆಣ್ಣೆ ಹಚ್ಚುತ್ತ ಏನೆಂದ ಎಂಬುದು ನನಗೆ ಹೇಗೆ ತಿಳಿಯಿತು? ಆ ರೀಲನ್ನು ಟಿಕೆಟ್ ತೆಗೆದುಕೊಂಡ ಒಬ್ಬರೂ ನೋಡಿಲ್ಲ.

ನಿಮ್ಮನ್ನು ಹಿಡಿದಿಟ್ಟುಕೊಳ್ಳುವ ಆಸೆ ನನಗೆ ಉಳಿದಿಲ್ಲ. ಉಳಿದಿಲ್ಲ ಎಂದು ಬರೆಯುವಾಗ ಕೈ ಸ್ವಲ್ಪ ನಿಂತಿತು, ಅದು ಬೇರೆ ಮಾತು. ಭಾಗ್ಯಲಕ್ಷ್ಮಿಯ ಮೇಲೆ ನನಗೆ ಕೋಪವಿಲ್ಲ, ಅವಳಿಗೆ ನೀವು ಏನೇನು ಬಿಟ್ಟು ಹೇಳಿದ್ದೀರೋ ಯಾರು ಬಲ್ಲರು. ಆ ದೇಶದವಳ ಹಾಗೆ ಬೆಂಕಿ ಇಡುವವಳೂ ನಾನಲ್ಲ. ಸೋಡಚೀಟಿ ಬೇಕಾದರೆ ತೆಗೆದುಕೊಳ್ಳಿ. ಆದರೆ ಹಿರಿಯರ ಮುಂದೆ ನಡೆದದ್ದನ್ನು ಪೂರ್ತಿ ನೀವೇ ಹೇಳಿ, ಅನೀಸ್ ಭಾಯಿಯ ಹೆಸರನ್ನು ನಿಮ್ಮ ಬಾಯಿಂದಲೇ ತೊಳೆಯಿರಿ. ಪ್ರಿಯದರ್ಶಿನಿ ನನ್ನ ಹತ್ತಿರ ಇರುತ್ತಾಳೆ. ತಪ್ಪು ಮಾಡಿದವಳ ಮಗಳು ಎಂದು ಅನ್ನಿಸಿಕೊಳ್ಳಲು ನಾನು ಅವಳನ್ನು ಶಹಾಪುರಕ್ಕೆ ಕಳಿಸುವುದಿಲ್ಲ.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ನಾಗರತ್ನಾ

ಮರೆತ ಮಾತು: ಇದನ್ನು ಬುಧವಾರ ಬರೆಯುತ್ತಿದ್ದೇನೆ. ಡಬ್ಬಿಗೆ ಹಾಕುವ ಮುಂಚೆ, ಬೆಳಿಗ್ಗೆ, ಈ ಕಾಗದ ಹಿಡಿದುಕೊಂಡು ಸಾಯಬಣ್ಣ ಮಾವನ ಮನೆಗೆ ಹೋದೆ. ಅವರು ಹೊರಗೆ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದರು. ಮಾತಾಡಲು ಬರುವುದಿಲ್ಲ, ಓದುತ್ತೇನೆ ಎಂದು ಹೇಳಿ, ಬಾಗಿಲ ಹತ್ತಿರ ನಿಂತು ಮೊದಲಿನಿಂದ ಕೊನೆಯವರೆಗೂ ಓದಿದೆ. ಕೈ ನಿಂತಿತು ಎಂದು ಬರೆದ ಸಾಲನ್ನೂ ಬಿಡಲಿಲ್ಲ. ಮಾವನ ಹೆಂಡತಿ ಅತ್ತೆ ಒಳಗಿನಿಂದ ಬಂದು ನಿಂತರು, ನಲ್ಲಿಯ ಹತ್ತಿರ ಇದ್ದವರೂ ಬಂದರು. ಮಾವನ ಒಂದು ಕೆನ್ನೆಯ ಸೋಪು ಹಾಗೇ ಒಣಗಿತು. ಮುಗಿದ ಮೇಲೆ ಅವರು ಬ್ಲೇಡು ಕೆಳಗಿಟ್ಟು ಒಂದೇ ಮಾತು ಕೇಳಿದರು: “ಆ ಶಕೀಲಾ ಅನ್ನಾಕಿ ಮನಿ ಎಲ್ಲಿ ಬರ್ತದವ್ವ?” ಪುಲಿಕೇಶಿನಗರದಲ್ಲಿ, ಮಸೀದಿ ರಸ್ತೆಯ ಹಿಂದೆ ಎಂದು ಹೇಳಿ ಬಂದೆ.